ನಾನು ಎಳೆದ ಗೆರೆಯ ಮೇಲೆ ಬಂದ ಲಾರಿಗಳು

ಹುಳಿಮಾವಿನ ಹಳೇ ಊರಿನೊಳಗೆ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಲಾರಿ ಓಡಿಸುತ್ತಿದ್ದರು. ಅವರ ಅಪ್ಪನ ಕಾಲದಲ್ಲಿ ಅಲ್ಲೇ ರಾಗಿ, ಅವರೆ, ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದ ಜಮೀನಿತ್ತಂತೆ. ಜಮೀನು ಹೋಗಿ ಮೂರಂತಸ್ತಿನ ಮನೆ ಎದ್ದಿತು, ಜೊತೆಗೊಂದು ಆರು ಚಕ್ರದ ಲಾರಿ ಬಂತು. ಕೆಳಗೆ ಅವರು ಮತ್ತು ಅವರ ಹೆಂಡತಿ, ಮೊದಲ ಮಹಡಿಯಲ್ಲಿ ನಾನು ಮತ್ತು ನನ್ನ ಅಮ್ಮ. ಬಾಡಿಗೆ ಬರುತ್ತಿದ್ದರೂ ಅವರಿಗೆ ಮನೆಯಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಸಾಲಿಡ್ ಬ್ಲಾಕು, ಎಂ-ಸ್ಯಾಂಡು, ಜಲ್ಲಿ ತುಂಬಿಕೊಂಡು ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಕಡೆಯ ಕಟ್ಟಡಗಳಿಗೆ ಹಾಕಿ ಬರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು.

ನನ್ನ ಕೆಲಸ ಏನೆಂದು ಆ ಬೀದಿಯಲ್ಲಿ ಯಾರಿಗೂ, ಮನೆಯಲ್ಲಿ ಅಮ್ಮನಿಗೂ, ಸರಿಯಾಗಿ ಗೊತ್ತಿರಲಿಲ್ಲ. ಕಂಪ್ಯೂಟರ್ ಕೆಲಸ ಅಂತ ಹೇಳಿ ಮುಗಿಸುತ್ತಿದ್ದೆ. ಫೋನಿನಲ್ಲಿ ದಾರಿ ತೋರಿಸುವ ಮ್ಯಾಪುಗಳನ್ನು ತಿದ್ದುವ ಒಂದು ಸಣ್ಣ ಗುತ್ತಿಗೆ ಕಂಪನಿಯಲ್ಲಿ ನಾನಿದ್ದೆ. ಆಫೀಸು ಬಿ.ಟಿ.ಎಂ. ಲೇಔಟಿನಲ್ಲಿ, ವಾರದಲ್ಲಿ ಎರಡು ದಿನ ಅಲ್ಲಿ, ಉಳಿದ ದಿನ ಮನೆಯಲ್ಲಿ. ಮೇಲಿನಿಂದ ತೆಗೆದ ಫೋಟೋ ಸ್ಕ್ರೀನಿನ ಮೇಲೆ ಬರುತ್ತದೆ. ರಸ್ತೆ ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಬೇಕು, ಹೆಸರಿಲ್ಲದ ಕಡೆ ಹೆಸರು ಹಾಕಬೇಕು, ಒನ್ ವೇ ಆಗಿದ್ದರೆ ಬಾಣದ ಗುರುತು ಹಾಕಬೇಕು. ಎರಡು ರಸ್ತೆಗಳ ತುದಿ ಹತ್ತಿರ ಬಂದು ನಿಂತಿದ್ದರೆ, ನಡುವೆ ಏನೋ ಬಿಟ್ಟುಹೋಗಿದೆ ಎಂದು ಕಂಪ್ಯೂಟರೇ ಕೆಂಪು ಚುಕ್ಕಿ ತೋರಿಸುತ್ತದೆ. ಅದನ್ನು ನೋಡಿ ಸೇರಿಸುವುದೋ ಬಿಡುವುದೋ ನಮಗೆ ಬಿಟ್ಟದ್ದು.

ಅಣ್ಣನ ಫೋನಿಗೆ ಮ್ಯಾಪು ಹಾಕಿಕೊಟ್ಟವಳು ನಾನೇ. ಮೊದಲೆಲ್ಲ ಅವರು ಗಾಜಿನಿಂದ ತಲೆ ಹೊರಗೆ ಹಾಕಿ, ಟೀ ಅಂಗಡಿಯವರನ್ನೋ ಆಟೋದವರನ್ನೋ ಕೇಳಿಕೊಂಡೇ ಹೋಗುತ್ತಿದ್ದರು. ಈಗ ಯಾರನ್ನು ಕೇಳಿದರೂ ಅವರೇ ಜೇಬಿನಿಂದ ಫೋನು ತೆಗೆದು ನೋಡುತ್ತಾರೆ, ಹಾಗಿದ್ದ ಮೇಲೆ ನನ್ನ ಫೋನಲ್ಲೇ ಹಾಕಿಕೊಡಿ ಎಂದು ಒಂದು ಭಾನುವಾರ ಮೇಲೆ ಬಂದಿದ್ದರು. ಕನ್ನಡದಲ್ಲಿ ಮಾತಾಡುವ ಹಾಗೆ ಮಾಡಿಕೊಟ್ಟೆ. ಫೋನಿನೊಳಗಿನ ಆ ಹೆಣ್ಣುದನಿಗೆ ಅವರು ‘ಆಯಮ್ಮ’ ಎನ್ನುತ್ತಿದ್ದರು. ಆಯಮ್ಮ ಇವತ್ತು ಸಾರಕ್ಕಿ ಸಿಗ್ನಲ್ ತಪ್ಪಿಸಿ ಕರೆದುಕೊಂಡು ಹೋದಳು, ಆಯಮ್ಮ ಇವತ್ತು ಸುತ್ತಿಸಿಬಿಟ್ಟಳು ಎಂದು ಬಂದು ಹೇಳುತ್ತಿದ್ದರು. ಅವರಿಗೆ ಅವಳ ಮೇಲೆ ನಂಬಿಕೆ ಬಂದಿತ್ತು.

ಮುಂಗಾರು ಶುರುವಾಗಿ ಒಂದೆರಡು ಮಳೆ ಬಿದ್ದಿದ್ದ ದಿನಗಳು. ಅವತ್ತು ನಾನು ಮನೆಯಲ್ಲೇ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನ ಮೂರರ ಸುಮಾರಿಗೆ ಕೆಳಗೆ ಆಟೋ ನಿಂತ ಸದ್ದಾಯಿತು. ಬಾಲ್ಕನಿಯಿಂದ ನೋಡಿದರೆ ಇಳಿದವರು ಅಣ್ಣ. ಲಾರಿ ಇಲ್ಲದೆ ಅವರು ಆ ಹೊತ್ತಿನಲ್ಲಿ ಬಂದಿದ್ದನ್ನು ನಾನು ನೋಡಿರಲಿಲ್ಲ. ಗೇಟು ತೆಗೆಯದೆ ಹಾಗೇ ಅದನ್ನು ಹಿಡಿದುಕೊಂಡು ನಿಂತಿದ್ದರು. ಅವರ ಹೆಂಡತಿ ಓಡಿಬಂದು ಒಳಗೆ ಕರೆದುಕೊಂಡು ಮೆಟ್ಟಿಲ ಮೇಲೆ ಕೂರಿಸಿದರು. ನಾನೂ ಅಮ್ಮನೂ ಇಳಿದು ಹೋದೆವು. ಕೊಟ್ಟ ನೀರನ್ನು ಕುಡಿಯದೆ ಚೊಂಬನ್ನು ಪಕ್ಕಕ್ಕಿಟ್ಟರು.

ಆಮೇಲೆ ನಡೆದದ್ದನ್ನು ಹೇಳಿದರು. ಬ್ಲಾಕು ತುಂಬಿಕೊಂಡು ಜೆ.ಪಿ. ನಗರದ ಕೊನೆಯ ಹಂತದ ಹಿಂದಿನ ಒಂದು ಹೊಸ ಲೇಔಟಿಗೆ ಹೋಗುತ್ತಿದ್ದರು. ನಾಲ್ಕು ಗಂಟೆಯಾದರೆ ಊರೊಳಗೆ ಲಾರಿ ಬಿಡುವುದಿಲ್ಲ, ಅದಕ್ಕೇ ಅವಸರ. ಆಯಮ್ಮ ಎಡಕ್ಕೆ ತಿರುಗಿ ಅಂದಳು, ತಿರುಗಿದರು. ಅಗಲವಾಗಿಯೇ ಇದ್ದ ರಸ್ತೆ ಐವತ್ತು ಹೆಜ್ಜೆಯಲ್ಲಿ ಕಿರಿದಾಯಿತು, ಆಮೇಲೆ ಇಳಿಜಾರು ಬಂತು. ನೇರವಾಗಿ ಮುಂದೆ ಸಾಗಿ ಅಂದಳು. ಇಳಿಜಾರಿನ ಕೊನೆಗೆ ಒಂದು ತಿರುವು; ತಿರುವು ದಾಟಿದ ಮೇಲೆಯೇ ಕಂಡದ್ದು, ಮುಂದೆ ರಸ್ತೆಯೇ ಇಲ್ಲ. ರಾಜಕಾಲುವೆಗೆ ಹೋಗಿ ಸೇರುವ ದೊಡ್ಡ ಮೋರಿ. ಅದರ ಮೇಲೆ ಜನ ದಾಟಲಿ ಎಂದು ಹಾಸಿದ್ದ ಚಪ್ಪಡಿ ಕಲ್ಲುಗಳು. ಆ ಕಲ್ಲುಗಳನ್ನು ದಾಟುತ್ತಾ ಒಬ್ಬ ಹೆಂಗಸು ತಲೆಯ ಮೇಲೆ ಬಟ್ಟೆಗಂಟು ಹೊತ್ತುಕೊಂಡು ಬರುತ್ತಿದ್ದಳು.

ಅವರು ಬ್ರೇಕು ತುಳಿದರು. ಮಳೆಯಲ್ಲಿ ನೆನೆದ ಮಣ್ಣು, ಹಿಂದೆ ಅಷ್ಟು ಭಾರ. ಲಾರಿ ನಿಲ್ಲದೆ ನಿಧಾನವಾಗಿ ಜಾರಿತು. ಜೋರಾಗಿ ಹೋಗಿದ್ದರೆ ಇಷ್ಟು ಭಯ ಆಗುತ್ತಿರಲಿಲ್ಲ ಎಂದರು. ಎಲ್ಲ ಕಾಣುತ್ತಿತ್ತಂತೆ: ಆ ಹೆಂಗಸಿನ ಮುಖ, ಅವಳು ಹಾರ್ನು ಕೇಳಿ ಎಡಕ್ಕೋ ಬಲಕ್ಕೋ ಎಂದು ತಿಳಿಯದೆ ನಿಂತದ್ದು, ಗಂಟು ಕೆಳಗೆ ಬಿದ್ದದ್ದು. ಕೊನೆಗೆ ಅವಳು ಹಿಂದಕ್ಕೆ ಹಾರಿದಳು. ಅವಳು ನಿಂತಿದ್ದ ಕಲ್ಲು ಲಾರಿಯ ಮುಂದಿನ ಚಕ್ರದ ಕೆಳಗೆ ಎರಡಾಗಿ ಒಡೆದು ಮೋರಿಗೆ ಬಿತ್ತು. ಚಕ್ರ ಗಾಳಿಯಲ್ಲಿ ತೂಗಿ, ಲಾರಿ ಎಡಕ್ಕೆ ವಾಲಿ ನಿಂತಿತು. ಅಣ್ಣ ಬಲಗಡೆಯ ಬಾಗಿಲಿನಿಂದ ಹತ್ತಿ ಇಳಿದರು.

“ಒಂದು ಜೀವ ತೆಗೀತಿದ್ದೆ ಮೇಡಂ,” ಎಂದರು. “ಆಯಮ್ಮ ಆವಾಗ್ಲೂ ನೇರವಾಗಿ ಹೋಗಿ ಅಂತಾನೇ ಹೇಳ್ತಿದ್ಲು.”

ಅಮ್ಮ ಪಕ್ಕದಲ್ಲಿ ನಿಂತು ಕೇಳುತ್ತಿದ್ದವಳು, “ಯಾವನೋ ಕೂತ್ಕೊಂಡು ಗೀಚಿರ್ತಾನೆ, ಅವನಿಗೇನು,” ಎಂದಳು.

ಅಣ್ಣ ಫೋನು ತೆಗೆದು ನನ್ನ ಕೈಗೆ ಕೊಟ್ಟರು, ನೋಡಿ, ರಸ್ತೆ ತೋರಿಸುತ್ತಿದೆಯೋ ಇಲ್ಲವೋ ನೀವೇ ಹೇಳಿ ಎಂದರು. ನೋಡಿದೆ. ಒಂದು ಕಲ್ಯಾಣ ಮಂಟಪದ ಹಿಂಬದಿ, ಖಾಲಿ ಸೈಟುಗಳ ಸಾಲು, ಆಚೆ ಕಡೆ ಹೊಸ ಲೇಔಟಿನ ಅಡ್ಡರಸ್ತೆ. ಎರಡರ ನಡುವೆ ಒಂದು ಚಿಕ್ಕ ಬಿಳಿ ಗೆರೆ, ಕೊನೆಯಲ್ಲಿ ಸ್ವಲ್ಪ ಡೊಂಕು. ಆ ಡೊಂಕನ್ನು ನಾನು ಗುರುತಿಸಿದೆ. ಹೌದು ಅಣ್ಣ, ತೋರಿಸುತ್ತಿದೆ ಎಂದು ಹೇಳಿ ಫೋನು ವಾಪಸು ಕೊಟ್ಟೆ. ಅಷ್ಟೇ ಹೇಳಿದ್ದು.

ಮೇಲೆ ಬಂದು, ಅಮ್ಮನಿಗೆ ಕಾಣದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರ್ ತೆಗೆದೆ. ನಾವು ಮಾಡಿದ ಒಂದೊಂದು ತಿದ್ದುಪಡಿಯ ಪಕ್ಕದಲ್ಲೂ ನಮ್ಮ ಗುರುತಿನ ಸಂಖ್ಯೆ ಇರುತ್ತದೆ. ಹುಡುಕಿದೆ. ನನ್ನದೇ. ಬೇಸಿಗೆಯ ಫೋಟೋ ಅದು. ಮೋರಿ ಒಣಗಿ, ಕಲ್ಲುಗಳ ಮೇಲೆ ಮಣ್ಣು ಕೂತು, ಮೇಲಿನಿಂದ ನೋಡಿದರೆ ಬೆಳ್ಳಗಿನ ರಸ್ತೆಯ ಹಾಗೆಯೇ ಕಾಣುತ್ತಿತ್ತು. ಒಂದು ಮರ ಅರ್ಧ ಮುಚ್ಚಿತ್ತು. ಅನುಮಾನ ಇದ್ದರೆ ಬಿಡಬೇಕು ಎಂಬುದು ನಿಯಮ. ಆದರೆ ಬಿಟ್ಟದ್ದೂ ಲೆಕ್ಕಕ್ಕೆ ಬರುತ್ತದೆ, ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಊಟಕ್ಕೆ ಏಳುವ ಮುಂಚೆ ಒಂದು ನಿಮಿಷದೊಳಗೆ ಸೇರಿಸಿದ್ದೆ. ರಸ್ತೆಯ ಅಗಲ ಎಷ್ಟು, ಯಾವ ಗಾಡಿ ಹೋಗಬಹುದು ಎಂದು ಬರೆಯುವ ಖಾನೆಯೂ ಅಲ್ಲಿತ್ತು. ಅದನ್ನು ಖಾಲಿ ಬಿಟ್ಟಿದ್ದೆ. ಯಾವತ್ತೂ ತುಂಬಿದವಳಲ್ಲ.

ತಕ್ಷಣ ಗೆರೆ ಅಳಿಸಿ ಕಳಿಸಿದೆ. ಆದರೆ ನಾನು ಅಳಿಸಿದ ಕೂಡಲೇ ಅದು ಹೋಗುವುದಿಲ್ಲ. ಇನ್ನೊಬ್ಬರು ನೋಡಿ ಒಪ್ಪಬೇಕು, ಆಮೇಲೆ ಎಲ್ಲರ ಫೋನಿಗೂ ಮುಟ್ಟಬೇಕು. ನಮ್ಮ ಟೀಮ್ ಲೀಡಿಗೆ ಫೋನು ಮಾಡಿ ಇದೊಂದನ್ನು ಬೇಗ ನೋಡಿಸಿ ಎಂದು ಕೇಳಿಕೊಂಡೆ. ಅವರು ನನಗಿಂತ ಚಿಕ್ಕವರು, ಮೃದುವಾಗಿ ಮಾತಾಡುವವರು. ಯಾರಾದರೂ ಕಂಪ್ಲೇಂಟ್ ಕೊಟ್ಟಿದ್ದಾರಾ ಎಂದರು. ಇಲ್ಲ, ನಮ್ಮ ಏರಿಯಾದ ಪಕ್ಕ, ಹಾಗೇ ಗಮನಕ್ಕೆ ಬಂತು ಎಂದೆ. ಹಾಗಾದರೆ ಸಾಲಿನಲ್ಲೇ ಹೋಗಲಿ, ನಾಲ್ಕೈದು ದಿನದಲ್ಲಿ ಆಗುತ್ತದೆ ಬಿಡಿ ಎಂದರು. ನಿಜ ಹೇಳಿದ್ದರೆ ಅವತ್ತೇ ಆಗುತ್ತಿತ್ತೇನೋ. ಬಾಯಿಗೆ ಬರಲಿಲ್ಲ. ಕೆಲಸ ಹೋದರೆ ಅಮ್ಮನನ್ನು ಕಟ್ಟಿಕೊಂಡು ಏನು ಮಾಡಲಿ ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು, ಕೆಳಗೆ ಕೂತಿರುವ ಆ ಮನುಷ್ಯನಿಗೆ ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ.

ಮಾರನೆಯ ದಿನ ರಜೆ ಹಾಕಿದೆ. ಆಫೀಸಿಗೆ ಹೋಗುವವಳ ಹಾಗೆಯೇ ಡಬ್ಬಿ ಕಟ್ಟಿಕೊಂಡು, ಬನ್ನೇರುಘಟ್ಟ ರಸ್ತೆ ದಾಟಿ ಆಟೋದಲ್ಲಿ ಆ ಜಾಗಕ್ಕೆ ಹೋದೆ. ಎಷ್ಟೋ ಸಲ ಮೇಲಿನಿಂದ ನೋಡಿದ್ದ ಜಾಗ. ಕೆಳಗೆ ನಿಂತು ನೋಡುವಾಗ ಒಂದೂ ಗುರುತು ಸಿಗಲಿಲ್ಲ. ಸ್ಕ್ರೀನಿನಲ್ಲಿ ಇಳಿಜಾರು ಕಾಣುವುದಿಲ್ಲ. ಇಲ್ಲಿ ರಸ್ತೆ ಬಾವಿಗೆ ಇಳಿಯುವ ಮೆಟ್ಟಿಲಿನ ಹಾಗೆ ಕೆಳಕ್ಕೆ ಹೋಗುತ್ತಿತ್ತು. ಅಣ್ಣನ ಲಾರಿಯನ್ನು ಬೆಳಿಗ್ಗೆಯೇ ಕ್ರೇನು ತಂದು ಎಳೆದುಕೊಂಡು ಹೋಗಿದ್ದರು. ಕೆಳಗೆ ಒಡೆದ ಬ್ಲಾಕುಗಳು ಬಿದ್ದಿದ್ದವು. ಚಪ್ಪಡಿ ಹೋದ ಜಾಗದಲ್ಲಿ ಆಳೆತ್ತರದ ಗುಂಡಿ, ಅದರಡಿ ಕಪ್ಪು ನೀರು. ಎಚ್ಚರಿಕೆಯ ಗುರುತಿಗೆ ಯಾರೋ ಒಂದು ಹೊಂಗೆಕೊಂಬೆ ನೆಟ್ಟಿದ್ದರು. ಉಳಿದ ಎರಡು ಕಲ್ಲುಗಳ ಮೇಲೆ ಜನ ಕಾಲು ಒತ್ತೊತ್ತಿ ನೋಡಿ ದಾಟುತ್ತಿದ್ದರು.

ಹತ್ತಿ ಮೇಲೆ ಬಂದೆ. ರಸ್ತೆಯ ಬಾಯಿಯಲ್ಲಿ, ಕಲ್ಯಾಣ ಮಂಟಪದ ಗೋಡೆಗೆ ಒತ್ತಿಕೊಂಡು, ಒಂದು ಇಸ್ತ್ರಿ ಗಾಡಿ ಇತ್ತು. ಇಸ್ತ್ರಿ ಮಾಡುತ್ತಿದ್ದ ಹೆಂಗಸಿನ ಮೊಣಕೈಗೆ ಬಟ್ಟೆ ಸುತ್ತಿತ್ತು. ನಿನ್ನೆ ಲಾರಿ ಬಿದ್ದದ್ದು ಇಲ್ಲೇನಾ ಎಂದು ಕೇಳಿದೆ. ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ಹೌದು, ಆ ಲಾರಿಯ ಮುಂದೆ ಇದ್ದವಳು ನಾನೇ ಎಂದಳು. ಆಚೆ ಲೇಔಟಿನ ಮನೆಗಳಿಂದ ಬಟ್ಟೆ ತರುತ್ತಿದ್ದಳಂತೆ. ನಾನು ಅವಳ ಮುಖ ನೋಡಲಾರದೆ ಅವಳ ಕೈಯ ಕಟ್ಟನ್ನೇ ನೋಡುತ್ತಾ ನಿಂತೆ. ಹಿಂದೆ ಇಲ್ಲಿಗೆ ಲಾರಿ ಬರುತ್ತಿತ್ತಾ ಎಂದು ಕೇಳಿದೆ.

“ಇಲ್ಲಕ್ಕ. ಹದಿನೈದು ದಿನದಿಂದ ಅದೇನೋ ಒಂದೊಂದೇ ಬರ್ತವೆ. ಸಣ್ಣ ಗಾಡಿಯೋರು ಕೆಳಗೆ ಹೋಗಿ ನೋಡಿ ರಿವರ್ಸ್ ತಗೊಂಡು ಹೋಗ್ತಿದ್ರು. ಭಾರ ಇರೋದು ಬಂದಿದ್ದು ಅದೇ ಮೊದಲು.”

ಅವಳು ಇನ್ನೂ ಮಾತು ಮುಗಿಸಿರಲಿಲ್ಲ, ನೀರಿನ ಟ್ಯಾಂಕರೊಂದು ಮುಖ್ಯರಸ್ತೆಯಿಂದ ಎಡಕ್ಕೆ ತಿರುಗಿತು.

ನಾನು ಕೈ ಬೀಸುತ್ತಾ ಓಡಿದೆ. ಡ್ರೈವರು ನಿಲ್ಲಿಸಿ ಏನು ಎಂಬಂತೆ ತಲೆ ಎತ್ತಿದ. ಮುಂದೆ ರಸ್ತೆ ಇಲ್ಲ, ಮೋರಿ ಇದೆ ಎಂದೆ. ಮ್ಯಾಪಿನಲ್ಲಿ ತೋರಿಸುತ್ತಿದೆಯಲ್ಲ ಎಂದು ನನ್ನನ್ನೇ ಗದರಿದ. ಇಸ್ತ್ರಿಯವಳು ಮೊಣಕೈ ಎತ್ತಿ ತೋರಿಸಿ ನಾಲ್ಕು ಮಾತು ಬೈದ ಮೇಲೆ ಗೊಣಗುತ್ತಾ ಹಿಂದಕ್ಕೆ ತೆಗೆದುಕೊಂಡ. ನಾಲ್ಕೈದು ದಿನ ಎಂದಿದ್ದರು ಟೀಮ್ ಲೀಡು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಊರೊಳಗೆ ಲಾರಿ ಓಡಾಡುವ ಸಮಯ. ನಾನು ಅಲ್ಲೇ ನಿಂತೆ.

ಇಸ್ತ್ರಿಯವಳು ನನ್ನನ್ನು ಕಾರ್ಪೊರೇಷನ್ನಿನವಳು ಎಂದುಕೊಂಡಳು. ನಾನು ಅಲ್ಲ ಎನ್ನಲಿಲ್ಲ. ಒಂದು ಹಳೆಯ ಕೆಂಪು ಬಟ್ಟೆ ಕೊಟ್ಟಳು, ಕೂರಲು ಸ್ಟೂಲು ಕೊಟ್ಟಳು. ಕೂರಲು ಆಗುತ್ತಿರಲಿಲ್ಲ. ಸ್ವಲ್ಪ ಆಚೆ ನೋಡಿದರೂ ಲಾರಿ ಇಳಿದುಹೋಗಿಬಿಡುತ್ತದೆ ಎನ್ನಿಸುತ್ತಿತ್ತು. ಡಬ್ಬಿಯ ಚಪಾತಿಯನ್ನು ಗೋಡೆಯ ಪಕ್ಕ ನಿಂತೇ ತಿಂದೆ, ಕಣ್ಣು ಮುಖ್ಯರಸ್ತೆಯ ಮೇಲೆ. ಸಣ್ಣವೂ ದೊಡ್ಡವೂ ಸೇರಿ ಅವತ್ತು ಏಳು ಗಾಡಿ ಬಂದವು.

ಬಂದವರಲ್ಲಿ ಕೆಲವರು ಬೈದರು, ಕೆಲವರು ಇಳಿದು ಒಂದೆರಡು ಮಾತಾಡಿ ಹೋದರು. ನಾಮಕ್ಕಲ್ ಕಡೆಯಿಂದ ಮೊಟ್ಟೆ ತುಂಬಿಕೊಂಡು ಬಂದಿದ್ದವನು ಅರ್ಧ ತಮಿಳಿನಲ್ಲಿ ತನ್ನ ಕಥೆ ಹೇಳಿದ. ಹೋದ ವರ್ಷ ಇದೇ ಊರಿನ ಒಂದು ಅಂಡರ್‌ಪಾಸಿಗೆ ಮ್ಯಾಪು ಅವನನ್ನು ಕರೆದೊಯ್ದು, ಲಾರಿಯ ತಲೆ ಮೇಲಿನ ತೊಲೆಗೆ ಸಿಕ್ಕಿಕೊಂಡಿತಂತೆ. ಟೈರುಗಳ ಗಾಳಿ ಇಳಿಸಿ ಹೊರಗೆಳೆಯುವವರೆಗೆ ಹಿಂದೆ ನಿಂತ ಕಾರುಗಳವರೆಲ್ಲ ಸೇರಿ ಬೈದರಂತೆ. ಅವತ್ತಿನಿಂದ ಸೇತುವೆ ಕಂಡರೆ ಉಸಿರು ಹಿಡಿದುಕೊಳ್ಳುತ್ತಾನಂತೆ. ಮನೆ ಸಾಮಾನು ಸಾಗಿಸುವ ಇನ್ನೊಬ್ಬರು ಎರಡು ಫೋನು, ಎರಡು ಬೇರೆ ಬೇರೆ ಮ್ಯಾಪು ಇಟ್ಟುಕೊಂಡಿದ್ದರು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ತಿರುಗಿಸುತ್ತಾರೆ. ಇಲ್ಲಿ ಎರಡೂ ಎಡಕ್ಕೇ ಎಂದಿದ್ದವು. ಒಂದರ ತಪ್ಪು ಇನ್ನೊಂದಕ್ಕೆ ಹೇಗೆ ಹೋಯಿತೋ ನನಗೂ ತಿಳಿಯಲಿಲ್ಲ.

ತಲೆ ಪೂರ್ತಿ ನೆರೆತಿದ್ದ ಒಬ್ಬ ಹಿರಿಯರು ಲಾರಿ ಹಿಂದಕ್ಕೆ ತೆಗೆಯುವ ಮುಂಚೆ ಕೆಳಗಿಳಿದು ಇಳಿಜಾರಿನ ಅಂಚಿನವರೆಗೆ ಹೋಗಿ ನೋಡಿ ಬಂದರು. ಮುಖ ಒರೆಸಿಕೊಂಡು ಹೇಳಿದರು, “ಅದಕ್ಕೆ ನಾನು ಲಾರಿ ಅಂತ ಗೊತ್ತೇ ಇಲ್ಲಮ್ಮ. ಕಾರು ಅಂದ್ಕೊಂಡಿದೆ ನನ್ನ.”

ನಾನು ಖಾಲಿ ಬಿಟ್ಟಿದ್ದ ಆ ಖಾನೆ ನೆನಪಾಯಿತು.

ರಜೆ ಮುಂದುವರಿಸಿದೆ. ಎರಡನೆಯ ದಿನ ಮಳೆ ಹನಿಯುತ್ತಿತ್ತು. ಹನ್ನೆರಡೂವರೆ ಇರಬಹುದು. ಇಸ್ತ್ರಿಯವಳು ಬಟ್ಟೆ ಕೊಟ್ಟು ಬರಲು ಕೆಳಗೆ ಹೋಗಿದ್ದಳು. ಗ್ರಾನೈಟ್ ಹಲಗೆಗಳನ್ನು ನಿಲ್ಲಿಸಿ ಕಟ್ಟಿದ್ದ ಲಾರಿಯೊಂದು ತಿರುಗಿತು. ಕೆಂಪು ಬಟ್ಟೆ ಬೀಸಿದೆ. ಗಾಜು ಏರಿಸಿತ್ತು, ವೈಪರ್ ಆಡುತ್ತಿತ್ತು, ಡ್ರೈವರನ ಮುಖ ಸ್ಟೇರಿಂಗಿನ ಪಕ್ಕದ ಫೋನಿನ ಕಡೆ ಬಾಗಿತ್ತು. ಕೂಗಿದೆ. ವೇಗ ಇಳಿಯಲಿಲ್ಲ. ಕೆಳಗೆ ಅವಳಿದ್ದಾಳೆ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಯೋಚಿಸಿ ಮಾಡಿದ್ದಲ್ಲ, ರಸ್ತೆಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತುಬಿಟ್ಟೆ.

ಬ್ರೇಕಿನ ಸದ್ದು ಕೇಳಿತು. ಲಾರಿ ನಿಂತಿತೆಂದು ನನಗೆ ಗೊತ್ತಾಗಿದ್ದು ಅದರ ಬಿಸಿಯಿಂದ. ಎಂಜಿನ್ನಿನ ಕಾವು ಹೊಟ್ಟೆಗೆ, ಎದೆಗೆ ಬಡಿಯುತ್ತಿತ್ತು. ಕಣ್ಣು ತೆರೆದಾಗ ನನ್ನ ಅಂಗೈಗಳು ಬಂಪರಿನ ಮೇಲಿದ್ದವು, ನಾನೇ ತಳ್ಳಿ ನಿಲ್ಲಿಸಿದವಳ ಹಾಗೆ. ಹಿಂದೆ ಕಲ್ಲುಗಳು ಒಂದಕ್ಕೊಂದು ತಾಗಿ ಕಿರುಗುಟ್ಟಿದವು, ಆಮೇಲೆ ಅದೂ ನಿಂತಿತು.

ಡ್ರೈವರು ಇಳಿದು ಬಂದರು. ನಲವತ್ತರ ಆಸುಪಾಸು, ಚಿಂತಾಮಣಿ ಕಡೆಯವರು ಎಂದು ಆಮೇಲೆ ತಿಳಿಯಿತು. ಹೊಡೆಯಲು ಬಂದರೇನೋ ಎಂದುಕೊಂಡೆ. ಅವರು ನನ್ನ ಎದುರು ಬಂದು ಹಾಗೇ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು. ನಾನೂ ಅವರ ಪಕ್ಕದಲ್ಲೇ ಕೂತೆ. ಮಳೆ ಇಬ್ಬರ ಮೇಲೂ ಬೀಳುತ್ತಿತ್ತು. ಆಮೇಲೆ ಕೇಳಿದರು, “ಸಾಯಕ್ಕೆ ಬಂದಿದ್ರೇನಮ್ಮ ನೀವು?”

ಮುಂದೆ ರಸ್ತೆ ಇಲ್ಲ ಎಂದೆ. ಕೈ ಹಿಡಿದುಕೊಂಡು ಹೋಗಿ ತಿರುವಿನವರೆಗೆ ಇಳಿದು ತೋರಿಸಿದೆ. ಗುಂಡಿಯನ್ನೂ, ಅದರಾಚೆ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದ ಇಸ್ತ್ರಿಯವಳನ್ನೂ ನೋಡಿದರು. ಹಿಂದಿರುಗಿ ತಮ್ಮ ಲಾರಿಯ ಮೇಲಿದ್ದ ಕಲ್ಲುಗಳನ್ನು ನೋಡಿದರು. ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡರು.

ನನಗೆ ಇನ್ನು ತಡೆಯಲಾಗಲಿಲ್ಲ. “ಈ ರೋಡ್ ಹಾಕಿದ್ದು ನಾನು,” ಎಂದೆ.

ಅವರು ಮೋರಿಯ ಕಡೆ, ನನ್ನ ಕಡೆ ನೋಡಿ, “ಕಂಟ್ರಾಕ್ಟರಾ?” ಎಂದರು.

ಅಲ್ಲ ಎಂದು ಬಿಡಿಸಿ ಹೇಳಿದೆ. ಫೋನಿನೊಳಗಿನ ಗೆರೆಯನ್ನು ಮನೆಯಲ್ಲಿ ಕೂತು ಎಳೆದವಳು ನಾನು, ಜಾಗ ನೋಡದೆ ಎಳೆದೆ, ಅಳಿಸಿದ್ದೇನೆ, ಇನ್ನೂ ಅಳಿದಿಲ್ಲ ಎಂದೆ. ಅವರು ಸಿಟ್ಟಾಗುತ್ತಾರೆ ಎಂದು ಕಾದೆ. ಅವರ ಮುಖದಲ್ಲಿ ಬಂದದ್ದು ಸಿಟ್ಟಲ್ಲ.

“ಅಂದ್ರೆ ಅದರೊಳಗೆ ಜನ ಇದ್ದೀರಾ?” ಎಂದರು. “ನಾನು ಆಕಾಶದಿಂದ ನೋಡಿ ಹೇಳ್ತದೆ ಅಂದ್ಕೊಂಡಿದ್ದೆ. ಸ್ಯಾಟಲೈಟು ತಪ್ಪು ಮಾಡಲ್ಲ ಅಂತ ಕಣ್ಮುಚ್ಕೊಂಡು ತಿರುಗಿಸ್ತಿದ್ನಲ್ಲಮ್ಮ ನಾನು.”

ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ನಾನು ಹಿಂದೆ ನಿಂತು ದಾರಿ ಹೇಳಿದೆ. ಮುಖ್ಯರಸ್ತೆ ಮುಟ್ಟಿದ ಮೇಲೆ ಅವರು ಫೋನನ್ನು ಸ್ಟ್ಯಾಂಡಿನಿಂದ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. ಎಡಕ್ಕೂ ಬಲಕ್ಕೂ ನೋಡುತ್ತಾ, ಯಾವ ಕಡೆ ಹೋಗಬೇಕೆಂದು ತಿಳಿಯದೆ ತುಂಬ ಹೊತ್ತು ಅಲ್ಲೇ ನಿಂತಿದ್ದರು.

ಅವತ್ತು ಟೀಮ್ ಲೀಡಿಗೆ ನಿಜ ಹೇಳಿದೆ. ಅಲ್ಲಿಂದಲೇ ಫೋನು ಮಾಡಿ, ಗೆರೆ ನನ್ನದು, ಒಂದು ಲಾರಿ ಬಿದ್ದಿದೆ, ಇನ್ನೊಂದು ಈಗ ತಾನೇ ತಪ್ಪಿತು ಎಂದೆ. ಅವರು ಮೊನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಭಯ ಆಯಿತು ಎಂದೆ. ಮೇಲಿನವರಿಗೆ ಹೇಳಿ ಬೇಗ ಮಾಡಿಸುತ್ತೇನೆ, ಆದರೂ ನಾಳೆ ನಾಡಿದ್ದು ಆಗಬಹುದು ಎಂದರು.

ಮೂರನೆಯ ದಿನ ಅಣ್ಣ ಬಂದರು. ಲಾರಿ ಎಳೆಯುವ ಗಲಾಟೆಯಲ್ಲಿ ಅವರ ಜಾಕು ಅಲ್ಲೇ ಉಳಿದಿತ್ತಂತೆ, ಅದನ್ನು ತೆಗೆದುಕೊಂಡು ಹೋಗಲು ಸ್ಕೂಟರಿನಲ್ಲಿ ಬಂದಿದ್ದರು. ಆಫೀಸಿನಲ್ಲಿರಬೇಕಾದವಳು ಕೆಂಪು ಬಟ್ಟೆ ಹಿಡಿದು ರಸ್ತೆಯಲ್ಲಿ ನಿಂತಿದ್ದನ್ನು ಕಂಡು ಸ್ಕೂಟರು ನಿಲ್ಲಿಸಿದರು. ಏನು ಮೇಡಂ ಇಲ್ಲಿ ಎಂದರು. ಓಡಿಹೋಗಿಬಿಡೋಣ ಎನ್ನಿಸಿತು. ಅವರ ಮುಖ ನೋಡದೆ, ನೆಲ ನೋಡಿಕೊಂಡು, ಎಲ್ಲವನ್ನೂ ಹೇಳಿದೆ. ಫೋನು ಕೈಗೆ ಕೊಟ್ಟ ದಿನವೇ ಗೊತ್ತಾಗಿತ್ತು ಎನ್ನುವುದನ್ನೂ ಹೇಳಿದೆ. ಅದನ್ನು ಹೇಳುವುದೇ ಕಷ್ಟವಾಗಿತ್ತು.

ಅವರು ಸ್ಕೂಟರಿನಿಂದ ಇಳಿಯಲಿಲ್ಲ. ಎಂಜಿನ್ನು ಆಡುತ್ತಲೇ ಇತ್ತು.

“ಮೂರು ದಿನದಿಂದ ಕಣ್ಣು ಮುಚ್ಚಿದ್ರೆ ಆ ಹೆಂಗಸಿನ ಮುಖ ಬರುತ್ತೆ,” ಎಂದು ಇಸ್ತ್ರಿ ಗಾಡಿಯ ಕಡೆ ಗದ್ದ ಎತ್ತಿ ತೋರಿಸಿದರು. “ನಾನೇ ಕೊಂದುಹಾಕ್ತಿದ್ದೆ, ನನ್ನ ಕೈಯೇ ಸರಿ ಇಲ್ಲ, ವಯಸ್ಸಾಯ್ತು, ಇನ್ನು ಗಾಡಿ ಮುಟ್ಟಬಾರದು ಅಂತ ಹೆಂಡ್ತಿ ಹತ್ರ ಹೇಳ್ದೆ. ನೀವು ಮೇಲೆ ಇದ್ಕೊಂಡು ಸುಮ್ನಿದ್ರಿ.”

ಅವರು ಸ್ಕೂಟರನ್ನು ಗೋಡೆಯ ಪಕ್ಕ ನಿಲ್ಲಿಸಿ ನನ್ನ ಹತ್ತಿರ ಬಂದು ಕೈ ಚಾಚಿದರು. ಏನು ಕೇಳುತ್ತಿದ್ದಾರೆಂದು ತಿಳಿಯಲಿಲ್ಲ. ಕೆಂಪು ಬಟ್ಟೆಯನ್ನು ಕೈಯಿಂದ ತೆಗೆದುಕೊಂಡರು. “ಹೋಗಿ ಊಟ ಮಾಡಿ. ನಿಮ್ಮ ಮಾತಿಗೆ ಲಾರಿಯೋರು ನಿಲ್ಲಲ್ಲ,” ಎಂದರು.

ಅವತ್ತೂ ಮಾರನೆಯ ದಿನವೂ ಅವರೇ ನಿಂತರು. ನಾನು ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದೆ. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆ ಇಸ್ತ್ರಿಯವಳ ಹತ್ತಿರ ಮಾತ್ರ ಹೋಗಿ, ಕೈ ಕಟ್ಟಿ ನಿಂತು ಏನೋ ಹೇಳಿದ್ದನ್ನು ನೋಡಿದೆ. ಅವಳು ತಲೆ ಆಡಿಸಿ ಅವರಿಗೂ ಒಂದು ಲೋಟ ಟೀ ಕೊಟ್ಟಳು. ನಾಲ್ಕನೆಯ ದಿನ ಸಂಜೆ ಫೋನು ತೆರೆದಾಗ ಗೆರೆ ಇರಲಿಲ್ಲ. ಎರಡು ರಸ್ತೆಗಳ ತುದಿಗಳು ಮೊದಲಿನ ಹಾಗೆ ಬೇರೆ ಬೇರೆ ನಿಂತಿದ್ದವು. ಕಾರ್ಪೊರೇಷನ್ನಿನವರು ಬಂದು ಹೊಸ ಕಲ್ಲು ಹಾಸಿ, ರಸ್ತೆಯ ಬಾಯಿಗೆ ಎರಡು ಕಬ್ಬಿಣದ ಕಂಬ ನೆಟ್ಟದ್ದು ಇನ್ನೂ ಹತ್ತು ದಿನದ ಮೇಲೆ.

ನನ್ನ ಕೆಲಸ ಹೋಗಲಿಲ್ಲ. ಒಂದು ಎಚ್ಚರಿಕೆಯ ಪತ್ರ ಬಂತು. ಕೆಲಸ ಮಾತ್ರ ನಿಧಾನವಾಯಿತು. ಕೆಂಪು ಚುಕ್ಕಿ ಕಂಡರೆ ಕೈ ಮುಂದೆ ಹೋಗುತ್ತಿರಲಿಲ್ಲ. ಆ ಮಸುಕಿನ ಕೆಳಗೆ ಯಾರು ಬಟ್ಟೆಗಂಟು ಹೊತ್ತು ಬರುತ್ತಿದ್ದಾರೋ ಎಂದು ನೋಡುತ್ತಾ ಕೂರುತ್ತಿದ್ದೆ. ಬಿಟ್ಟದ್ದೇ ಹೆಚ್ಚು. ಯಾಕೆ ಬಿಟ್ಟಿರಿ ಎಂದು ಕೇಳಿದಾಗಲೆಲ್ಲ ನೋಡದೆ ಹೇಳಲಾರೆ ಎಂದು ಬರೆಯುತ್ತಿದ್ದೆ.

ಅಣ್ಣ ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಏನಾದರೂ ಹೇಳಬೇಕಿದ್ದರೆ ಅವರ ಹೆಂಡತಿ ಮೆಟ್ಟಿಲ ಕೆಳಗಿನಿಂದ ಕೂಗಿ ಹೇಳುತ್ತಿದ್ದರು. ಅಮ್ಮನಿಗೂ ವಿಷಯ ಹೇಳಿದ್ದೆ. ಗೀಚಿದವನು ಎಂದು ತಾನು ಅಂದದ್ದು ನೆನಪಾಗಿ ಅವಳು ನನ್ನ ತಲೆ ಸವರಿದ್ದಳು, ಆದರೆ ಸಮಾಧಾನದ ಮಾತೇನೂ ಆಡಲಿಲ್ಲ.

ಲಾರಿ ರಿಪೇರಿಯಾಗಿ ಬಂದ ಮೇಲೂ ವಾರಗಟ್ಟಲೆ ಮನೆಯ ಮುಂದೆಯೇ ನಿಂತಿತ್ತು. ಒಂದು ಬೆಳಿಗ್ಗೆ ಅವರು ಮೇಲೆ ಬಂದು ಬಾಗಿಲಲ್ಲಿ ನಿಂತರು. ಬನಶಂಕರಿ ಆರನೇ ಹಂತದ ಕಡೆ ಒಂದು ಲೋಡು ಇದೆ ಎಂದರು. ಇವತ್ತು ಆಫೀಸು ಇದೆಯಾ ಎಂದು ಕೇಳಿದರು. ಇಲ್ಲ ಎಂದೆ. “ಬರ್ತೀರಾ? ಒಬ್ಬನೇ ಹೋಗಕ್ಕೆ ಆಗ್ತಿಲ್ಲ,” ಎಂದರು, ನನ್ನನ್ನು ನೋಡದೆ.

ಹೋದೆ. ಅಷ್ಟು ಎತ್ತರದಲ್ಲಿ ಕೂತು ಊರನ್ನು ನೋಡಿದ್ದು ಅದೇ ಮೊದಲು. ಕಾರುಗಳೆಲ್ಲ ಕಾಲಡಿಯಲ್ಲಿ, ಸ್ಕೂಟರುಗಳು ಬಾನೆಟ್ಟಿನ ಕೆಳಗೆ ಮಾಯವಾಗಿ ಆಚೆ ಕಾಣಿಸಿಕೊಳ್ಳುತ್ತಿದ್ದವು. ಅವರ ಎದುರು ಫೋನು ಇತ್ತು. ಆ ಹೆಣ್ಣುದನಿ ಇನ್ನೂರು ಮೀಟರಿನಲ್ಲಿ ಬಲಕ್ಕೆ ತಿರುಗಿ ಅಂದಾಗಲೆಲ್ಲ ಅವರ ಕಾಲು ಬ್ರೇಕಿನ ಮೇಲೆ ಹೋಗುವುದನ್ನು ನಾನು ಪಕ್ಕದಿಂದ ನೋಡುತ್ತಿದ್ದೆ. ನನ್ನ ಕಾಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ದೊಡ್ಡ ರಸ್ತೆಗಳಲ್ಲಿ ಹೇಗೋ ಆಯಿತು. ಕೊನೆಯಲ್ಲಿ ಒಂದು ಅಡ್ಡರಸ್ತೆಗೆ ತಿರುಗಬೇಕಿತ್ತು. ಎರಡು ಕಡೆಯೂ ಹೊಸ ಮನೆಗಳು, ಮುಂದೆ ಬಲಕ್ಕೆ ತಿರುವು, ಆಚೆ ಏನಿದೆಯೋ ಕಾಣದು. ಮ್ಯಾಪಿನಲ್ಲಿ ರಸ್ತೆ ಇತ್ತು. ಯಾರು ಎಳೆದಿದ್ದೋ, ನಾನಲ್ಲ.

ಅಣ್ಣ ಲಾರಿ ನಿಲ್ಲಿಸಿ ಹ್ಯಾಂಡ್‌ಬ್ರೇಕು ಎಳೆದರು. ಇಲ್ಲೇ ಇರಿ, ನೋಡಿಕೊಂಡು ಬರುತ್ತೇನೆ ಎಂದು ಇಳಿದರು. ಹಿಂದೆ ಹಾರ್ನುಗಳು ಶುರುವಾದವು. ಅವರು ತಿರುಗಿ ನೋಡದೆ, ಚಪ್ಪಲಿಯಿಂದ ನೆಲವನ್ನು ಒತ್ತಿ ಒತ್ತಿ ನೋಡುತ್ತಾ, ನಡೆದುಕೊಂಡು ಹೋಗಿ ತಿರುವಿನಲ್ಲಿ ಮರೆಯಾದರು. ಎಂಜಿನ್ನಿನ ನಡುಕಕ್ಕೆ ಸೀಟು ಅಲುಗುತ್ತಿತ್ತು. ಆ ದನಿ ಮತ್ತೆ ನೇರವಾಗಿ ಸಾಗಿ ಅಂದಿತು. ನಾನು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವರು ಬರುವ ಕಡೆಯನ್ನೇ ನೋಡುತ್ತಾ ಕೂತೆ.